‘ಪೊಏಮ’ ಶಬ್ದದ ರೂಪವಿಚಾರ

ಕಾವ್ಯವಾಚಕವಾದ ಲ್ಯಾಟಿನ್ ‘ಪೊಏಮ’ವು ಗ್ರೀಕಿನ ‘ಪೊಯೇಮ’ದಿಂದ ಬಂದುದೆಂಬುದರಲ್ಲಿ ವಿವಾದವಿಲ್ಲ. ‘ಮಾಡು’ ಎಂಬರ್ಥದ ಗ್ರೀಕ್ ಧಾತುವಿಗೆ ‘ಮ’ ಪ್ರತ್ಯಯವು ಸೇರಿ ‘ಮಾಡಲ್ಪಟ್ಟುದು’ ಎಂಬರ್ಥವು ಸಿದ್ಧಿಸಿದೆ. ಕವಿಯ ಕರ್ಮವೇ ಕಾವ್ಯವೆಂದು ವ್ಯುತ್ಪತ್ತಿಯನ್ನು ಹೇಳುವ ಸಂಸ್ಕೃತಜ್ಞರಿಗೆ ಈ ಅರ್ಥವು ಹೊಸದಲ್ಲ. ಪ್ರತ್ಯಯವೂ ಹೊಸದಲ್ಲ, ‘ನಾಮನ್’ ಶಬ್ದದ ‘ಮನ್’, ಲ್ಯಾಟಿನ್ ‘ನೋಮೆನ್’ ಶಬ್ದದ ‘ಮೆನ್’, ಗ್ರೀಕಿನ ಈ ‘ಮ’, ಮೂರೂ ಏಕಮೂಲವಾದವು. ರೋಮನರ ಮನೆಯಲ್ಲಿಯೇ ಇದ್ದ ಪ್ರತ್ಯಯವು ಗ್ರೀಕ್ ವೇಷದಿಂದ ಮತ್ತೆ ಬಂದಾಗ, ಅವರು ಅದನ್ನು ಅತಿಥಿಯೆಂದೇ ಬಗೆದರು.

ವಿಚಾರಕ್ಕೆ ಅವಕಾಶವಿರುವುದು ವಿಭಕ್ತಿರೂಪಗಳಲ್ಲಿ. ಇದರ ಷಷ್ಠೀ ಏಕವಚನವು ‘ಪೊಏಮತಿಸ್’. ಇದು ಲ್ಯಾಟಿನಿನ ಮೂರನೆಯ ಗಣದ ರೂಪ. ಆ ಗಣದ ನಿಯಮದಂತೆ ಚತುರ್ಥೀ ಪಂಚಮೀ ಬಹುವಚನಗಳಲ್ಲಿ ‘ಪೊಏಮತಿಬುಸ್’ ಎಂದಾಗಬೇಕು. ಅಲ್ಲಿಯೂ ‘ಪೊಏಮತಿಸ್’ ಎಂಬುದು ಅಪಪ್ರಯೋಗವೆಂದು ಕೇವಲ ಸೂತ್ರವನ್ನೇ ನೆಚ್ಚಿದವರಿಗೆ ತೋರಬಹುದು. ಷಷ್ಠಿಯೊಡನೆ ಭ್ರಾಂತಿಯುಂಟಾಗುವುದೆಂಬ ಆಕ್ಷೇಪವೂ ಬರಬಹುದು.

ಈ ಪಕ್ಷವು ನಿಲ್ಲಲಾರದು. ಸಿಸೆರೋ ಕ್ರಿ. ಪೂ. 44ರಲ್ಲಿ ರಚಿಸಿದ ‘ದೇ ಓಫಿಕೀಸ್’ ಗ್ರಂಥದಲ್ಲಿ ‘ಕಾವ್ಯಗಳಲ್ಲಿ’ ಎಂಬರ್ಥದಲ್ಲಿ ‘ಇನ್ ಪೊಏಮತಿಸ್’ ಎಂದೇ ಪ್ರಯೋಗಿಸಿದ್ದಾನೆ. ಅಲ್ಲಿ ‘ಇನ್’ ಎಂಬ ಅವ್ಯಯದ ಯೋಗದಲ್ಲಿ ಷಷ್ಠಿಯು ಬರಲಾರದಾದುದರಿಂದ ಭ್ರಾಂತಿಗೆ ಎಡೆಯಿಲ್ಲ. ಈ ರೂಪಕ್ಕೆ ಕಾರಣವು ಸಾದೃಶ್ಯ. ‘ಪೊಏಮತ’ ಎಂಬ ಪ್ರಥಮಾ ಬಹುವಚನವು ‘ದಾನಗಳು’ ಎಂಬರ್ಥದ ‘ದೋನ’ದಂತೆ ಕೇಳಿಸುತ್ತದೆ. ಎರಡನೆಯ ಗಣದ ಆ ನಪುಂಸಕ ಶಬ್ದಕ್ಕೆ ‘ದೋನೀಸ್’ ಎಂದಾಗುವಂತೆ ಇದಕ್ಕೂ ‘ಪೊಏಮತೀಸ್’ ಎಂದಾಯಿತು. ಬರಹದಲ್ಲಿ ಷಷ್ಠಿಗೂ ಇದಕ್ಕೂ ಭೇದವಿಲ್ಲದಿದ್ದರೂ ಉಚ್ಚಾರಣೆಯಲ್ಲಿ ಕಡೆಯ ಇಕಾರವು ದೀರ್ಘ. ಆದುದರಿಂದ ಸಂಕರವೆಂಬ ಆಕ್ಷೇಪವು ಕಿವಿಯ ಮುಂದೆ ನಿಲ್ಲದು.

‘ಪೊಏಮತಿಬುಸ್’ ಅಸಾಧುವೆಂದೂ ಹೇಳಲಾಗದು. ಸುಯೆಟೋನಿಯಸನು ಬರೆದ ತೀತುಸ್ ಚಕ್ರವರ್ತಿಯ ಚರಿತ್ರೆಯಲ್ಲಿ ಅದು ದೊರೆಯುತ್ತದೆ. ಇನ್ನು ಹಿಂದಿನವನಾದ ಪ್ಲೌತುಸನು ಮತ್ತೊಂದು ದಾರಿಯನ್ನು ಹಿಡಿದಿದ್ದನು. ಗ್ರೀಕಿನಲ್ಲಿ ನಪುಂಸಕವಾದ, ವೇಷವೆಂಬರ್ಥದ ‘ಸ್ಖೇಮ’ವನ್ನು ಆತನು ‘ಆಂಫಿತ್ರುವೋ’ ನಾಟಕದಲ್ಲಿ ಮೊದಲನೆಯ ಗಣದ ಸ್ತ್ರೀಲಿಂಗಶಬ್ದದಂತೆ ನಡೆಸಿದನು. ಅಕಾರಾಂತವೆಂಬ ಒಂದೇ ಗುರುತಿನಿಂದ ಅದು ದೇಶ್ಯಶಬ್ದಗಳ ಪಂಕ್ತಿಯಲ್ಲಿ ಕುಳಿತಿತು.

ಲಕ್ಷಣವು ಲಕ್ಷ್ಯವನ್ನು ಅನುಸರಿಸತಕ್ಕದ್ದು. ಆದಕಾರಣ ರೂಪಾವಳಿಗಳಲ್ಲಿ ‘ಪೊಏಮತಿಸ್’ ಎಂಬ ಬಹುವಚನವನ್ನು ಮೊದಲಿಟ್ಟು, ‘ಪೊಏಮತಿಬುಸ್’ ಎಂಬುದನ್ನು ವಿಕಲ್ಪವಾಗಿ ಹೇಳುವುದೇ ಯುಕ್ತ.