ಕೂಟಲೇಖವೂ ಸಂಶೋಧನ ಪತ್ರಿಕೆಗಳ ಹೊಣೆಯೂ

ಸತ್ಯಾಣುವ್ರತ ಮತ್ತು ಅಚೌರ್ಯಾಣುವ್ರತಗಳ ಅತಿಚಾರಗಳನ್ನು ಸ್ವಾಧ್ಯಾಯದಲ್ಲಿ ಓದುವಾಗ ನಮ್ಮ ಕಣ್ಣಮುಂದೆ ಬರುವುದು ಅಂಗಡಿಯ ತಕ್ಕಡಿ, ಸಾಲಪತ್ರ, ಅಡವಿಟ್ಟ ಒಡವೆ. ಈ ವ್ರತಗಳನ್ನು ಬಹುಕಾಲದಿಂದ ವ್ಯಾಪಾರಿಯ ವ್ರತಗಳೆಂದೇ ತಿಳಿದು ಬಂದಿದ್ದೇವೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಕೂಟಲೇಖಕ್ರಿಯೆ, ನ್ಯಾಸಾಪಹಾರ, ಪ್ರತಿರೂಪಕ ವ್ಯವಹಾರ ಮುಂತಾದ ಹೆಸರುಗಳು ವಿದ್ವಾಂಸನ ಬರವಣಿಗೆಗೂ ಅಷ್ಟೇ ನೇರವಾಗಿ ಅನ್ವಯಿಸುತ್ತವೆಂಬುದನ್ನು ಯೋಚಿಸಿದವರು ವಿರಳ. ಇಂದು ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಮಕ್ಕಳು ಸಂಶೋಧಕರಾಗಿದ್ದಾರೆ, ಅಧ್ಯಾಪಕರಾಗಿದ್ದಾರೆ, ವೈದ್ಯರಾಗಿದ್ದಾರೆ. ಹುದ್ದೆ, ಬಡ್ತಿ, ಪದವಿಗಳೆಲ್ಲ ಸಂಶೋಧನ ಪತ್ರಿಕೆಯಲ್ಲಿ ಅಚ್ಚಾದ ಲೇಖನಗಳ ಎಣಿಕೆಯ ಮೇಲೆ ನಿಂತಿರುವಾಗ, ಆ ಪ್ರಕಟಣೆಯ ನೀತಿಯನ್ನು ವಿಚಾರಿಸುವುದು ಹೊರಗಿನವರ ಕೆಲಸವೆಂದು ಬಿಡುವಂತಿಲ್ಲ.

ಸಂಶೋಧನ ಪತ್ರಿಕೆಯ ಕ್ರಮ ಹೀಗಿದೆ. ಲೇಖಕನು ಕಳುಹಿಸಿದ ಹಸ್ತಪ್ರತಿಯನ್ನು ಸಂಪಾದಕನು ಆ ವಿಷಯದ ಇಬ್ಬರು ಮೂವರು ತಜ್ಞರಿಗೆ ಒಪ್ಪಿಸುತ್ತಾನೆ. ಅವರು ಸಾಮಾನ್ಯವಾಗಿ ಸಂಭಾವನೆ ಪಡೆಯದೆ, ಹೆಸರು ಹೊರಗೆಡಹದೆ ಅದನ್ನು ಓದಿ ಗುಣದೋಷಗಳನ್ನು ತಿಳಿಸುತ್ತಾರೆ. ಆಮೇಲೆ ಸ್ವೀಕಾರ ಅಥವಾ ನಿರಾಕರಣ. ಇಲ್ಲಿ ಪರೀಕ್ಷಕನ ಕೈಗೆ ಬಂದ ಹಸ್ತಪ್ರತಿಯು ಒಂದು ನ್ಯಾಸ. ನಂಬಿ ಇಟ್ಟ ಒಡವೆ. ಅದರೊಳಗಿನ ವಿಚಾರವನ್ನು ತನ್ನದೆಂದು ಬಳಸಿಕೊಂಡರೆ ಅದು ನ್ಯಾಸಾಪಹಾರ. ಗುಟ್ಟಾಗಿ ಬಂದುದನ್ನು ಹೊರಗೆ ಹೇಳಿದರೆ ಸಾಕಾರಮಂತ್ರಭೇದ. ಮಾಡದ ಪ್ರಯೋಗದ ಅಂಕಿಗಳನ್ನು ಬರೆದವನದು ಕೂಟಲೇಖ. ಇಷ್ಟನ್ನು ಆಧುನಿಕ ನೀತಿಸಂಹಿತೆಗಳೂ ಒಪ್ಪುತ್ತವೆ. 1997ರಲ್ಲಿ ಇಂಗ್ಲೆಂಡಿನ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸೇರಿ ಪ್ರಕಟಣ ನೀತಿಗಾಗಿ ಒಂದು ಸಮಿತಿಯನ್ನು ಕಟ್ಟಿದರು. 'ಕೋಪ್' ಎಂಬ ಸಂಕ್ಷಿಪ್ತನಾಮದಿಂದ ಅದು ಈಗ ಜಗತ್ತಿನಾದ್ಯಂತ ಪರಿಚಿತ. ನಮ್ಮಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಹೊರಡಿಸಿತು.

ಈ ಸಂಹಿತೆಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವು ಆಚರಣೆಗೆ ಇಳಿಯುವಾಗ ಬೆರಳು ಯಾವಾಗಲೂ ಲೇಖಕನ ಕಡೆಗೇ ಚಾಚುತ್ತದೆ. ಶ್ರಾವಕಾಚಾರದ ದೃಷ್ಟಿ ಇದಕ್ಕಿಂತ ಅಗಲವಾದುದು. ಕದ್ದವನ ಜತೆಗೆ ಕಳ್ಳನನ್ನು ಪ್ರೇರಿಸಿದವನೂ, ಕದ್ದ ಸರಕನ್ನು ಕೊಂಡವನೂ ಅತಿಚಾರಕ್ಕೆ ಒಳಗಾಗುತ್ತಾರೆ. ಸ್ವಾಮಿ ಸಮಂತಭದ್ರರ ರತ್ನಕರಂಡಕವು ಇವನ್ನು ಚೌರಪ್ರಯೋಗ, ಚೌರಾರ್ಥಾದಾನ ಎಂದು ಕರೆಯುತ್ತದೆ. ಕೃತ, ಕಾರಿತ, ಅನುಮತ ಎಂಬ ಮೂರು ಬಾಗಿಲುಗಳಲ್ಲಿ ಪತ್ರಿಕಾ ಪ್ರಪಂಚವು ಕಾವಲು ಹಾಕಿರುವುದು ಮೊದಲನೆಯದಕ್ಕೆ ಮಾತ್ರ ಎಂಬುದೇ ನನ್ನ ಆಕ್ಷೇಪ.

ಇದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಪ್ರಾಚೀನಜೀವಿ ವಿಜ್ಞಾನಿ ವಿಶ್ವಜಿತ್ ಗುಪ್ತ ಅವರು ಸುಮಾರು ಕಾಲು ಶತಮಾನದ ಕಾಲ ಹಿಮಾಲಯದ ಜೀವಾವಶೇಷಗಳ ಕುರಿತು ನೂರಾರು ಲೇಖನಗಳನ್ನು ಪ್ರಕಟಿಸಿದರು. ಆಸ್ಟ್ರೇಲಿಯದ ಜಾನ್ ಟ್ಯಾಲೆಂಟ್ ಎಂಬ ವಿಜ್ಞಾನಿ 1989ರ ಏಪ್ರಿಲ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದರ ಹುಳುಕನ್ನು ಬಯಲಿಗೆಳೆದರು. ಹಿಮಾಲಯದಲ್ಲಿ ಸಿಕ್ಕಿದವೆಂದು ವರ್ಣಿಸಿದ್ದ ಸೂಕ್ಷ್ಮ ಅವಶೇಷಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಮ್ಸ್‌ಡೆಲ್ ಹಳ್ಳದವುಗಳಂತೆಯೇ ಇದ್ದವು; ಸುರುಳಿಚಿಪ್ಪಿನ ಅವಶೇಷಗಳು ಮೊರಾಕ್ಕೊ ದೇಶದ ಎರ್ಫೂದ್ ಪ್ರಾಂತದಲ್ಲಿ ದೊರೆಯುವಂಥವು. ಗುಪ್ತರು ಆರೋಪವನ್ನು ಅಲ್ಲಗಳೆದರು. ವಿಶ್ವವಿದ್ಯಾಲಯದ ವಿಚಾರಣೆ ಅವರಿಗೆ ವಿರುದ್ಧವಾಯಿತು. ಆದರೂ 2002ರಲ್ಲಿ ನಿವೃತ್ತರಾಗುವವರೆಗೆ ಅವರು ಅದೇ ವಿಶ್ವವಿದ್ಯಾಲಯದಲ್ಲಿ ಉಳಿದರು. ಬೇರೆ ಕಡೆಯದನ್ನು ತಂದು ಇಲ್ಲಿಯದರೊಂದಿಗೆ ಬೆರೆಸಿಡುವ ಈ ಕ್ರಿಯೆಗೆ ಸಮಂತಭದ್ರರ 'ಸದೃಶಸನ್ಮಿಶ್ರ'ಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ.

ಆದರೆ ಈ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಕಾಡುವವರು ಸಹಲೇಖಕರು. ದೇಶವಿದೇಶಗಳ ಹಲವಾರು ವಿದ್ವಾಂಸರು ಆ ಲೇಖನಗಳಿಗೆ ತಮ್ಮ ಹೆಸರು ಸೇರಿಸಿದ್ದರು. ಅವರಲ್ಲಿ ಅನೇಕರ ಕೈಗೆ ಬಂದದ್ದು ಕಲ್ಲು. ಆ ಕಲ್ಲು ಬಂದ ಜಾಗವನ್ನು ಅವರು ಕಂಡವರಲ್ಲ. ಅವರಿಗೆ ವಂಚಿಸುವ ಉದ್ದೇಶವಿತ್ತೆಂದು ಯಾರೂ ಹೇಳಲಾರರು. ಪ್ರಮಾದವಿತ್ತು. ಹಿಂಸೆಯ ವ್ಯಾಖ್ಯೆಯಲ್ಲಿ ಪ್ರಮತ್ತಯೋಗವನ್ನು ಮೊದಲಿಗಿಟ್ಟ ಪರಂಪರೆ ನಮ್ಮದು. 'ನನಗೆ ತಿಳಿದಿರಲಿಲ್ಲ' ಎಂಬ ಮಾತು ಅಲ್ಲಿ ಪೂರ್ಣ ಬಿಡುಗಡೆಯಲ್ಲ. ಕೀರ್ತಿಯ ಪಾಲಿಗೆ ಮುಂದೆ ಬಂದ ಹೆಸರು ಹೊಣೆಯ ಪಾಲಿಗೆ ಹಿಂದೆ ಸರಿಯುವುದು ಹೇಗೆ? ಸಹಲೇಖಕತ್ವವನ್ನು ಸೌಜನ್ಯದ ತಾಂಬೂಲದಂತೆ ಹಂಚುವ ಪದ್ಧತಿ ನಮ್ಮ ವಿಭಾಗಗಳಲ್ಲಿ ಇನ್ನೂ ಇದೆ. ಮಾರ್ಗದರ್ಶಕರ ಹೆಸರು ಇರಲೇಬೇಕೆಂದು ವಿದ್ಯಾರ್ಥಿ ಭಾವಿಸುತ್ತಾನೆ. ಮಾರ್ಗದರ್ಶಕರು ಓದಲೇಬೇಕೆಂದು ಭಾವಿಸುವುದಿಲ್ಲ.

ಹಿಮಾಲಯದ ಕಲ್ಲುಗಳಿಂದ ಯಾರಿಗೂ ಜ್ವರ ಬರಲಿಲ್ಲ. ವೈದ್ಯಕೀಯದಲ್ಲಿ ಹಾಗಲ್ಲ. 1998ರ ಫೆಬ್ರವರಿಯಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯು ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಲೇಖನವೊಂದನ್ನು ಪ್ರಕಟಿಸಿತು. ಕೇವಲ ಹನ್ನೆರಡು ಮಕ್ಕಳ ವರದಿ. ಅದರಿಂದ ದಡಾರ, ಮಂಗನಬಾವು, ರುಬೆಲ್ಲಾಗಳ ಸಂಯುಕ್ತ ಲಸಿಕೆಗೂ ಆಟಿಸಂಗೂ ಸಂಬಂಧವಿದೆಯೆಂಬ ಭೀತಿ ಹರಡಿತು. ಲಸಿಕಾ ತಯಾರಕರ ವಿರುದ್ಧ ದಾವೆ ಹೂಡಲು ಸಿದ್ಧರಾಗುತ್ತಿದ್ದ ವಕೀಲರಿಂದ ಲೇಖಕನಿಗೆ ಹಣ ಸಂದಿತ್ತೆಂಬುದನ್ನು 2004ರಲ್ಲಿ ಹೊರಗೆಡಹಿದವನು ಬ್ರಯನ್ ಡಿಯರ್ ಎಂಬ ಪತ್ರಕರ್ತ; ತಜ್ಞ ಪರೀಕ್ಷಕರಲ್ಲ. ಅದೇ ವರ್ಷ ಹತ್ತು ಮಂದಿ ಸಹಲೇಖಕರು ಆ ಅರ್ಥವಿವರಣೆಯಿಂದ ಹಿಂದೆ ಸರಿದರು. ಪತ್ರಿಕೆಯು ಲೇಖನವನ್ನು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ಹನ್ನೆರಡು ವರ್ಷ! ಆ ನಡುವೆ ಬ್ರಿಟನ್ನಿನಲ್ಲಿ ಲಸಿಕೆ ಹಾಕಿಸುವವರ ಪ್ರಮಾಣ ಕುಸಿದು, ಅಡಗಿದ್ದ ದಡಾರ ಮರಳಿ ತಲೆಯೆತ್ತಿತು.

ನಮ್ಮಲ್ಲಿ ದೋಷ ಒದಗಿದಾಗ ಮೊದಲ ಪ್ರಾಯಶ್ಚಿತ್ತ ಆಲೋಚನೆ. ಗುರುವಿನ ಮುಂದೆ ಮರೆಮಾಚದೆ ನಿವೇದಿಸಿಕೊಳ್ಳುವುದು. ಪ್ರತಿಕ್ರಮಣಕ್ಕೆ ನಿಯತ ಕಾಲವುಂಟು. ಯಾರೋ ಬಂದು ಹಿಡಿದುಕೊಡುವ ತನಕ ಅದು ಕಾಯುವುದಿಲ್ಲ. ಹಿಂತೆಗೆತದ ಪ್ರಕಟಣೆಯಲ್ಲಿ ಕಾರಣವನ್ನೂ ಹಿಂತೆಗೆದುಕೊಂಡವರನ್ನೂ ಸ್ಪಷ್ಟವಾಗಿ ಹೇಳಬೇಕು, ಅದು ಎಲ್ಲರಿಗೂ ಉಚಿತವಾಗಿ ಸಿಗಬೇಕು ಎಂದು ಕೋಪ್ ಸಮಿತಿ ವಿಧಿಸಿರುವುದು ಈ ದೃಷ್ಟಿಯಿಂದ ಮೆಚ್ಚತಕ್ಕ ಮಾತು. ಅದರ ಸಂಹಿತೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗವೇ ಇದು.

ಇನ್ನು ಪ್ರತಿರೂಪಕ ವ್ಯವಹಾರ. 2013ರಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಗಾಗಿ ಜಾನ್ ಬೊಹ್ಯಾನನ್ ಎಂಬವರು ಬೇಕೆಂದೇ ತಪ್ಪುಗಳನ್ನು ತುಂಬಿದ ಒಂದು ಕಲ್ಪಿತ ಲೇಖನವನ್ನು ಬೇರೆ ಬೇರೆ ಹೆಸರುಗಳಲ್ಲಿ 304 ಪತ್ರಿಕೆಗಳಿಗೆ ಕಳುಹಿಸಿದರು. 157 ಪತ್ರಿಕೆಗಳು ಸ್ವೀಕರಿಸಿದವು. ಇವೆಲ್ಲ ಲೇಖಕರಿಂದಲೇ ಶುಲ್ಕ ಪಡೆದು ಓದುಗರಿಗೆ ಉಚಿತವಾಗಿ ಒದಗಿಸುವ ಪತ್ರಿಕೆಗಳು. ಅವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಭಾರತದವು. ಭಾರತೀಯ ಪತ್ರಿಕೆಗಳ ಪೈಕಿ 64 ಒಪ್ಪಿದವು, 15 ಮಾತ್ರ ನಿರಾಕರಿಸಿದವು. ಈ ಅಂಕಿಗಳನ್ನು ಓದಿದ ಭಾರತೀಯನಿಗೆ ತಲೆ ತಗ್ಗುತ್ತದೆ. ಹೈದರಾಬಾದಿನ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಯು ಲೇಖಕರನ್ನು ವಂಚಿಸಿತೆಂದು ಅಮೆರಿಕದ ನ್ಯಾಯಾಲಯವೊಂದು 2019ರಲ್ಲಿ ಐದು ಕೋಟಿ ಡಾಲರಿಗೂ ಹೆಚ್ಚು ಹಣ ತೆರುವಂತೆ ಆದೇಶಿಸಿತು. ಇದು ಬಡದೇಶಗಳ ಕಾಯಿಲೆಯೆಂದೂ ತಿಳಿಯಬಾರದು. ಅಮೆರಿಕದ ವೈಲಿ ಎಂಬ ಹಳೆಯ ಪ್ರಕಾಶನವು 2021ರಲ್ಲಿ ಕೊಂಡ ಹಿಂದಾವಿ ಸಂಸ್ಥೆಯ ಪತ್ರಿಕೆಗಳಿಂದ 2023 ಒಂದೇ ವರ್ಷದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆಯಬೇಕಾಯಿತು.

ಖೋಟಾ ಸರಕಿಗೆ ಇಷ್ಟು ಗಿರಾಕಿ ಎಲ್ಲಿಂದ ಬಂದಿತು? ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಬೇಕೆಂದು ಆಯೋಗವು 2009ರಲ್ಲಿ ಕಡ್ಡಾಯ ಮಾಡಿತು. 2022ರ ನಿಯಮಾವಳಿಯಲ್ಲಿ ಅದನ್ನು ಕೈಬಿಟ್ಟಿತು. ನಡುವಣ ಹದಿಮೂರು ವರ್ಷಗಳಲ್ಲಿ, ಹಣ ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿದ್ದು ಆಶ್ಚರ್ಯವೇ? ವಿದ್ಯಾರ್ಥಿಯು ಕೂಟಲೇಖ ಮಾಡಿದನೆಂದು ದಂಡಿಸುವ ಮೊದಲು ಚೌರಪ್ರಯೋಗವನ್ನು ಮಾಡಿದವರಾರೆಂದು ಕೇಳಬೇಕು. ಆಯೋಗ ತಾನೇ ಸಿದ್ಧಪಡಿಸಿದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ತೆಗೆದುಹಾಕಿತು. 2019ರಲ್ಲಿ 'ಕೇರ್' ಎಂಬ ಹೊಸ ಪಟ್ಟಿ ಬಂತು. 2025ರಲ್ಲಿ ಅದೂ ಹೋಗಿ, ಪತ್ರಿಕೆಗಳನ್ನು ಆರಿಸುವ ಹೊಣೆ ಸಂಸ್ಥೆಗಳ ಮೇಲೆಯೇ ಬಿದ್ದಿದೆ. ಹೊಣೆ ಇರಬೇಕಾದ ಜಾಗಕ್ಕೆ ಬಂದಿತೆಂದೇ ನನ್ನ ಅಭಿಪ್ರಾಯ. ಅದನ್ನು ಹೊರುವ ಹೆಗಲುಗಳಿವೆಯೇ ಎಂಬುದು ಬೇರೆ ಮಾತು.

ಕೃತಿಚೌರ್ಯದ ನಿಯಮಾವಳಿಯ ತಕ್ಕಡಿಯೂ ವಿಚಿತ್ರವಾದುದು. ಶೇಕಡ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಅಲ್ಲಿಂದ 40, ಆಮೇಲೆ 60 ಎಂದು ಮೆಟ್ಟಿಲುಗಳು. ಯಂತ್ರ ಎಣಿಸುವುದು ಪದಗಳನ್ನು. ಉಚಿತವಾಗಿ ಉದ್ಧರಿಸಿದ ಪದಗಳೂ ಕಾಕತಾಳೀಯವಾಗಿ ಹೊಂದಿದ ಪದಗಳೂ ಇರುವುದರಿಂದ ಒಂದಿಷ್ಟು ರಿಯಾಯಿತಿ ಬೇಕೆಂಬುದು ನ್ಯಾಯವೇ. ಆದರೆ ಇನ್ನೊಬ್ಬರ ವರ್ಷಗಳ ಶ್ರಮದ ಫಲಿತಾಂಶವನ್ನು ತನ್ನ ಮಾತಿನಲ್ಲಿ ತಿರುಗಿಸಿ ಬರೆದವನನ್ನು ಆ ಯಂತ್ರ ಶುದ್ಧನೆಂದು ಕಳುಹಿಸಿಕೊಡುತ್ತದೆ. ಅದತ್ತಾದಾನ ಎಂಬ ಪದದಲ್ಲಿ ಪ್ರಮಾಣದ ಮಾತಿಲ್ಲ. ಕೊಟ್ಟದ್ದೇ, ಕೊಡದೆ ತೆಗೆದುಕೊಂಡದ್ದೇ ಎಂಬುದೊಂದೇ ಪ್ರಶ್ನೆ.

ಸಂಪಾದಕನ ಸಂಯಮ ಹೇಗಿರಬೇಕೆಂಬುದಕ್ಕೆ ನಮ್ಮ ಸಮೀಪದಲ್ಲೇ ಒಂದು ಆದರ್ಶವಿದೆ. 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕಾಸಹಿತವಾದ ಷಟ್‌ಖಂಡಾಗಮದ ಮೊದಲ ಸಂಪುಟ ಅಮರಾವತಿಯಿಂದ ಹೊರಬಂದಿತು. ಮೂಡುಬಿದಿರೆಯ ತಾಡವೋಲೆಗಳು ಅವರಿಗೆ ಆಗ ದೊರೆತಿರಲಿಲ್ಲ. ಪ್ರತಿಗಳ ಪ್ರತಿಗಳಿಂದ ಕೆಲಸ ನಡೆದಿತ್ತು. ತೊಂಬತ್ತಮೂರನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರಿಗೆ ತೋರಿತು. ಅವರು ಅದನ್ನು ಮೂಲಕ್ಕೆ ಸೇರಿಸಲಿಲ್ಲ. ತಮ್ಮ ಊಹೆಯೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡುಬಿದಿರೆಯ ಓಲೆಗಳೊಡನೆ ತಾಳೆ ನೋಡಿದಾಗ ಆ ಪದ ಅಲ್ಲಿದ್ದುದು ಕಂಡುಬಂತು. ಆ ಒಂದು ಪದದಿಂದ ಎದ್ದ ಸೈದ್ಧಾಂತಿಕ ವಿವಾದ ಇಲ್ಲಿ ಬೇಡ. ಊಹೆ ಸರಿಯಾಯಿತೆಂಬುದಕ್ಕಿಂತ, ಊಹೆಯನ್ನು ಊಹೆಯ ಸ್ಥಾನದಲ್ಲಿಯೇ ಇಟ್ಟರೆಂಬುದು ದೊಡ್ಡದು.

ಇಂಥ ಪರಂಪರೆಯುಳ್ಳ ನಮ್ಮ ಸಂಸ್ಥೆಗಳು ಇಂದು ಹೊರತರುವ ಅಭಿನಂದನ ಗ್ರಂಥಗಳನ್ನೂ ಸ್ಮರಣ ಸಂಚಿಕೆಗಳನ್ನೂ ಈ ಕಣ್ಣಿನಿಂದ ನೋಡಬೇಕು. ಒಂದೇ ಲೇಖನ ಶೀರ್ಷಿಕೆ ಬದಲಾಯಿಸಿಕೊಂಡು ಮೂರು ಗ್ರಂಥಗಳಲ್ಲಿ ಕಾಣಿಸುವುದುಂಟು. ಶಾಸನದ ಪಾಠವನ್ನು ಮೊದಲು ಓದಿದವರ ಹೆಸರಿಲ್ಲದೆ ಅಚ್ಚಾಗುವುದುಂಟು. ಕೇಳಿದರೆ, 'ದಾನಿಗಳ ಕಾರ್ಯ, ಯಾರನ್ನು ನಿರಾಕರಿಸುವುದು?' ಎಂಬ ಉತ್ತರ. ಶಾಸ್ತ್ರದಾನಕ್ಕಾಗಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯ ನಾಡಿನಲ್ಲಿ ದಾನಿಯೇ ಚೌರಾರ್ಥಾದಾನಕ್ಕೆ ನೆಪವಾಗುವುದು ಶೋಭಿಸದು. ಟ್ರಸ್ಟುಗಳು ಸಂಶೋಧಕರಿಗೆ ಕೊಡುವ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಪ್ರಕಟಿತ ಲೇಖನಗಳ ಸಂಖ್ಯೆಯನ್ನು ಕೇಳುವ ಪರಿಪಾಠವಿದೆ. ಆ ಸಾಲನ್ನು ತೆಗೆದು, ಅಭ್ಯರ್ಥಿ ತನ್ನದೆಂದು ನೆಚ್ಚುವ ಒಂದೇ ಲೇಖನದ ಪ್ರತಿಯನ್ನು ತರಿಸಿಕೊಂಡು, ಆ ವಿಷಯ ಬಲ್ಲ ಒಬ್ಬರಿಂದ ಅದನ್ನು ಓದಿಸಿ, ಓದಿದವರ ಎದುರಿನಲ್ಲಿ ಅಭ್ಯರ್ಥಿಯನ್ನು ಅರ್ಧ ಗಂಟೆ ಮಾತನಾಡಿಸುವುದು ಯಾವ ಟ್ರಸ್ಟಿಗೂ ಶಕ್ತಿಮೀರಿದ ಕೆಲಸವಲ್ಲ. ಮುಂದಿನ ಜೂನ್‌ನ ಅರ್ಜಿಗಳಿಂದಲೇ ಇದನ್ನು ಆರಂಭಿಸಬಹುದು.