ಮರದ ಕೆಳಗೆ ದೊಡ್ಡವರು ಇರಲಿಲ್ಲ

ಕಳೆದ ಸಲದ ಕೂಟದಲ್ಲಿ ‘ತೊತ್ತೋಚಾನ್’ ಮಾತು ಬಂದಾಗ ಹೆಚ್ಚಿನವರು ‘ಮುದ್ದಾದ ಮಕ್ಕಳ ಪುಸ್ತಕ’ ಎಂದು ಹೇಳಿ ಕಾಫಿಯತ್ತ ಹೊರಟರು. ನನಗೇಕೋ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ.

ತೆತ್ಸುಕೊ ಕುರೋಯಾನಗಿಯವರ ಈ ಬಾಲ್ಯದ ನೆನಪುಗಳು ಜಪಾನಿನಲ್ಲಿ ಪ್ರಕಟವಾದದ್ದು 1981ರಲ್ಲಿ, ಕನ್ನಡಕ್ಕೂ ಬಂದಿವೆ. ಎಲ್ಲರಿಗೂ ನೆನಪಿರುವುದು ರೈಲುಡಬ್ಬಿಯ ತರಗತಿಗಳು. ಆದರೆ ಟೋಕಿಯೋದ ತೊಮೊಯೆ ಶಾಲೆಯ ಒಳ್ಳೆಯ ಪಾಠಗಳೆಲ್ಲ ಡಬ್ಬಿಯ ಹೊರಗೇ ನಡೆಯುತ್ತವೆ. ಬೆಳಗಿನ ಕೆಲಸ ಮುಗಿಸಿದರೆ ಮಧ್ಯಾಹ್ನ ಕುಹೊನ್‌ಬುತ್ಸು ದೇವಸ್ಥಾನದ ಕಡೆಗೆ ನಡಿಗೆ. ದಾರಿಬದಿಯ ಹೂವಿನಲ್ಲೇ ಕೇಸರದ ಪಾಠ. ಪೋಲಿಯೋ ಆಗಿದ್ದ ಯಾಸುವಾಕಿ, ಕೈಕಾಲು ಗಿಡ್ಡಗೇ ಉಳಿದ ತಾಕಾಹಾಶಿ ಇಬ್ಬರೂ ಆ ಶಾಲೆಯ ಮಕ್ಕಳೇ.

ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿಯವರ ಆಟೋಟದ ದಿನ ನೋಡಿ. ಬಟ್ಟೆಯ ಮೀನಿನೊಳಗೆ ತೂರಿ ಹೊರಬರುವುದು, ತಗ್ಗು ಮೆಟ್ಟಿಲುಗಳನ್ನು ಒಂದೂ ಬಿಡದೆ ಹತ್ತುವುದು. ಉದ್ದ ಕಾಲಿನವರು ತೊಡರುತ್ತಾರೆ, ತಾಕಾಹಾಶಿ ಎಲ್ಲದರಲ್ಲೂ ಮೊದಲು. ಬಹುಮಾನ, ತರಕಾರಿ! ಹುಡುಗನನ್ನು ಪಂದ್ಯಕ್ಕೆ ಹೊಂದಿಸಲಿಲ್ಲ, ಪಂದ್ಯವನ್ನೇ ಹುಡುಗನಿಗೆ ಹೊಂದಿಸಿದರು. ಲೇಖಕಿ ಇದನ್ನು ಉಪದೇಶವಿಲ್ಲದೆ, ನಗುನಗುತ್ತಾ ಹೇಳಿರುವುದು ಪುಸ್ತಕದ ದೊಡ್ಡ ಗುಣ.

ಮರ ಹತ್ತುವ ಅಧ್ಯಾಯದ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಬೇಸಿಗೆ ರಜೆ, ಅಮ್ಮನಿಗೆ ಸುಳ್ಳು ಹೇಳಿ ಬಂದ ತೊತ್ತೋಚಾನ್ ಏಣಿ ತಂದು, ಕೆಳಗಿನಿಂದ ನೂಕಿ, ಮೇಲಿನಿಂದ ಎಳೆದು ಯಾಸುವಾಕಿಯನ್ನು ತನ್ನ ಮರಕ್ಕೆ ಹತ್ತಿಸುತ್ತಾಳೆ. ಅವಳ ಬೆವರು, ಛಲ ನಮಗೆ ಕಾಣುತ್ತದೆ. ಏಣಿಗೂ ಕೊಂಬೆಗೂ ನಡುವೆ ಇದ್ದ ಆ ಹುಡುಗನಿಗೆ ಏನನ್ನಿಸಿತು? ತಾಕಾಹಾಶಿ ಗೆದ್ದು ಬೀಗುತ್ತಾನೆ. ಯಾಸುವಾಕಿ ಮೆಲ್ಲಗೆ ನಗುತ್ತಾನೆ, ಮುಂದೊಂದು ದಿನ ತೀರಿಕೊಳ್ಳುತ್ತಾನೆ. ಲೇಖಕಿಯ ಪ್ರೀತಿ ಅವನನ್ನು ಸ್ವಲ್ಪ ದೇವರಮಗುವಾಗಿಸಿತೇನೋ.

ಆದರೂ ಆ ಅಧ್ಯಾಯ ನನ್ನನ್ನು ಬಿಡುತ್ತಿಲ್ಲ. ನನ್ನ ಮಗನ ತರಗತಿ ಒಮ್ಮೆ ಕಾಡು ನೋಡಲು ಹೋದಾಗ, ಸುರಕ್ಷತೆಯ ದೃಷ್ಟಿಯಿಂದ ಅವನನ್ನು ಲೈಬ್ರರಿಯಲ್ಲಿ ಕೂರಿಸಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ನಾನೇ. ಆ ಮರದ ಕೆಳಗೆ ದೊಡ್ಡವರು ಯಾರಾದರೂ ಇದ್ದಿದ್ದರೆ ‘ಬೇಡ’ ಎನ್ನುತ್ತಿದ್ದರು. ನಾನಂತೂ ಖಂಡಿತ.

ತೊಮೊಯೆ 1945ರ ಬಾಂಬು ದಾಳಿಯಲ್ಲಿ ಸುಟ್ಟುಹೋಯಿತು. ಮುಂದಿನ ಕೂಟಕ್ಕೆ ಬರುವ ಮುನ್ನ ಈ ಎರಡು ಅಧ್ಯಾಯಗಳನ್ನು ಇನ್ನೊಮ್ಮೆ ಓದಿ ಬನ್ನಿ. ಕಾಫಿ ಆಮೇಲೆ ಕುಡಿಯೋಣ.