ಜೆಫ್ ಬೆಂಟ್‌ನ 12 ಪಂದ್ಯಗಳು

ಮ್ಯೂನಿಕ್ ವಿಮಾನ ದುರಂತದ ಬಗ್ಗೆ ಬರೆಯುವವರು ಜೆಫ್ ಬೆಂಟ್‌ನನ್ನು ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ಮ್ಯಾಂಚೆಸ್ಟರ್ ಯುನೈಟೆಡ್ ನಾಯಕ ರೋಜರ್ ಬೈರ್ನ್‌ಗೆ ಪೆಟ್ಟಾಗಿತ್ತು, ಇರಲಿ ಎಂದು ಬೆಂಟ್‌ನನ್ನೂ ಬೆಲ್‌ಗ್ರೇಡ್‌ಗೆ ಕರೆದೊಯ್ದರು, ಬೈರ್ನ್ ಚೇತರಿಸಿಕೊಂಡು ಆಡಿದ, ಬೆಂಟ್ ಆಡದೆಯೇ ಮರಳುವ ದಾರಿಯಲ್ಲಿ ಸತ್ತ. ಎಂಥ ವಿಧಿಯಾಟ! ಪ್ರತಿ ಫೆಬ್ರವರಿಯಲ್ಲೂ ಇದೇ ಪಾಠ, ಇದೇ ನಿಟ್ಟುಸಿರು.

1958ರ ಫೆಬ್ರವರಿ 6, ಕೆಸರುಹಿಮ ತುಂಬಿದ ರನ್‌ವೇ, ವಿಮಾನ ಮೇಲೇರಿಸುವ ಮೂರನೇ ಯತ್ನ, 23 ಸಾವು, ಅವರಲ್ಲಿ 8 ಆಟಗಾರರು: ಇದೆಲ್ಲ ಫುಟ್‌ಬಾಲ್ ಪ್ರಿಯರಿಗೆ ಹೊಸದಲ್ಲ. ತಕರಾರು ಇರುವುದು ಆ ವಿಧಿಯಾಟದ ಕಥೆಯ ಬಗ್ಗೆ. ಅದರ ಸಂಗತಿಗಳೇನೋ ಸರಿ. ಆದರೆ ಆ ಕಥೆಯಲ್ಲಿ ಬೆಂಟ್ ಎಲ್ಲಿದ್ದಾನೆ? ಗಾಯ ಬೈರ್ನ್‌ನದು, ನಿರ್ಧಾರ ವ್ಯವಸ್ಥಾಪಕರದು, ಪಂದ್ಯವೂ ಬೈರ್ನ್‌ನದೇ. ಬೆಂಟ್‌ನ ಪಾಲಿಗೆ ಉಳಿದದ್ದು ಸಾಯುವ ಕೆಲಸ ಮಾತ್ರ.

ಬೆಲ್‌ಗ್ರೇಡ್‌ಗೆ ಹೋದ 17 ಆಟಗಾರರಲ್ಲಿ ಆರು ಮಂದಿ ಅಂಗಳಕ್ಕಿಳಿಯಲಿಲ್ಲ: ವುಡ್, ಬ್ಲಾಂಚ್‌ಫ್ಲವರ್, ಬೆರಿ, ವೀಲನ್, ಪೆಗ್ ಮತ್ತು ಬೆಂಟ್. ಇವರಲ್ಲಿ ಕೊನೆಯ ಮೂವರು ಮರಳಲಿಲ್ಲ. ವೀಲನ್ ಹಿಂದಿನ ಋತುವಿನ ಲೀಗ್‌ನಲ್ಲಿ 26 ಗೋಲು ಹೊಡೆದವನು, ಪೆಗ್ ಇಂಗ್ಲೆಂಡ್ ಪರ ಆಡಿದವನು. ಅಂದರೆ ಆ ತಂಡದಲ್ಲಿ ಹೊರಗೆ ಕೂತವರು ಕೈಲಾಗದವರೇನಲ್ಲ. ವೀಲನ್‌ನ ನೆನಪಿಗೆ ಗೋಲುಗಳಿವೆ, ಪೆಗ್‌ನ ನೆನಪಿಗೆ ದೇಶದ ಅಂಗಿ ಇದೆ. ಬೆಂಟ್‌ಗೆ ಮಾತ್ರ ವಿಧಿ!

'ಬರೇ 12 ಪಂದ್ಯ ಆಡಿದವನ ಬಗ್ಗೆ ಏನು ಬರೆಯುವುದು?' ಎಂದು ಕೇಳುವವರಿದ್ದಾರೆ. ಇದು ಇಂದಿನ ಫುಟ್‌ಬಾಲ್ ನೋಡಿ ಅಂದಿನದನ್ನು ಅಳೆಯುವವರ ಪ್ರಶ್ನೆ. ಇಂಗ್ಲಿಷ್ ಲೀಗ್‌ನಲ್ಲಿ ಆಗ ಬದಲಿ ಆಟಗಾರನಿಗೆ ಅವಕಾಶವೇ ಇರಲಿಲ್ಲ; ಆ ನಿಯಮ ಬಂದದ್ದು 1965ರಲ್ಲಿ. ಕೊನೆಯ ಇಪ್ಪತ್ತು ನಿಮಿಷ ಇಳಿದು ಕೈಚಳಕ ತೋರಿಸುವ ದಾರಿ ಮುಚ್ಚಿತ್ತು. ಅವನ ಜಾಗದಲ್ಲಿ ಆಗಲೇ ಇದ್ದವನು ಬೈರ್ನ್, ಇಂಗ್ಲೆಂಡ್ ಪರ ಸತತ 33 ಪಂದ್ಯ ಆಡಿದ ಲೆಫ್ಟ್ ಬ್ಯಾಕ್. ಅಂಥವನ ಬೆನ್ನಿಗೆ ನಿಂತು, 1954ರ ಡಿಸೆಂಬರ್‌ನಲ್ಲಿ ಬರ್ನ್ಲಿ ವಿರುದ್ಧ ಶುರುಮಾಡಿ, ಮೂರು ಋತುಗಳಲ್ಲಿ 12 ಪಂದ್ಯ ಗಿಟ್ಟಿಸಿದ್ದು ಕಡಿಮೆಯೇ? ಅವುಗಳಲ್ಲಿ ಎರಡು ಋತು ಯುನೈಟೆಡ್ ಲೀಗ್ ಗೆದ್ದ ಋತುಗಳು. ಅದಕ್ಕೂ ಮೊದಲು, 1947ರಲ್ಲಿ, ಸಾಲ್ಫರ್ಡ್ ಶಾಲಾ ಬಾಲಕರ ತಂಡ ಇಂಗ್ಲಿಷ್ ಸ್ಕೂಲ್ಸ್ ಟ್ರೋಫಿ ಗೆದ್ದಾಗ ಅದರ ನಾಯಕ ಇದೇ ಬೆಂಟ್. ಇದನ್ನು ಬರೆಯಲು ಯಾರಿಗೂ ಪುರುಸೊತ್ತಿಲ್ಲ.

ಇನ್ನು ಖಾಲಿ ಪುಟದ ಕಥೆ. ದುರಂತದ 13 ದಿನಗಳ ನಂತರ ಶೆಫೀಲ್ಡ್ ವೆನ್ಸ್‌ಡೇ ವಿರುದ್ಧದ ಪಂದ್ಯದ ಕೈಪಿಡಿಯಲ್ಲಿ ಯುನೈಟೆಡ್‌ನ 11 ಹೆಸರುಗಳ ಜಾಗ ಬಿಳಿಯಾಗಿ ಉಳಿದಿತ್ತು. ಅದನ್ನು ಫುಟ್‌ಬಾಲ್‌ನ ಅತ್ಯುತ್ತಮ ಶೋಕಗೀತೆ ಎನ್ನುವವರಿಗೆ ಲೆಕ್ಕವಿಲ್ಲ. ಕೈಪಿಡಿ ಅಚ್ಚಾಗುವಾಗ ತಂಡವೇ ಗಟ್ಟಿಯಾಗಿರಲಿಲ್ಲ. ತಂಡಕ್ಕೆ ಹೊಸದಾಗಿ ಸೇರಿದ ಸ್ಟಾನ್ ಕ್ರೌದರ್ ಸಹಿ ಹಾಕಿದ್ದು ಆಟ ಶುರುವಾಗಲು ಸುಮಾರು ಒಂದು ಗಂಟೆ ಇದ್ದಾಗ. ಮುದ್ರಕನ ಪೇಚನ್ನು ಕಾವ್ಯವೆಂದು ಹೊಗಳುವುದರಲ್ಲಿ ತಪ್ಪಿಲ್ಲ, ಪುಟ ನಿಜಕ್ಕೂ ಎದೆಗೆ ತಟ್ಟುತ್ತದೆ. ಆದರೆ ಹನ್ನೊಂದು ಖಾಲಿ ಗೆರೆಗಳನ್ನು ಹೊಗಳುವಾಗ ಕಣ್ಣು ಹೋಗುವುದು ಆಡುತ್ತಿದ್ದ ಹನ್ನೊಂದು ಮಂದಿಯತ್ತ. ಹನ್ನೆರಡನೆಯವನಿಗೆ ಖಾಲಿ ಗೆರೆಯೂ ಇಲ್ಲ.

ಮ್ಯಾಂಚೆಸ್ಟರ್‌ನ ನ್ಯೂಟನ್ ಹೀತ್ ಬಡಾವಣೆಯಲ್ಲಿ ಬೈರ್ನ್, ಕೋಲ್ಮನ್ ಮೊದಲಾದ ಮಡಿದ ಆಟಗಾರರ ಹೆಸರಿನ ರಸ್ತೆಗಳ ಜೊತೆಗೆ ಜೆಫ್ ಬೆಂಟ್ ವಾಕ್ ಕೂಡ ಇದೆ. ರಸ್ತೆಗೆ ಹೆಸರಿಟ್ಟವರು ಲೇಖಕರಿಗಿಂತ ನ್ಯಾಯವಂತರು. ಬರುವ ಫೆಬ್ರವರಿಯಲ್ಲಿ ಬೆಂಟ್ ಬಗ್ಗೆ ಬರೆಯುವವರು ದಯವಿಟ್ಟು ಬೈರ್ನ್‌ನ ಗಾಯದಿಂದಲ್ಲ, ಬರ್ನ್ಲಿಯ ಪಂದ್ಯದಿಂದ ಶುರುಮಾಡಲಿ.